ಮುಚ್ಚಳದ ಚಾಳಿ

ನನಗೊಂದು ಚಾಳಿಯಿದೆ. ಯಾವ ಪದಾರ್ಥವೂ ಮುಚ್ಚಳವಿಲ್ಲದೆ ಬಿದ್ದಿರುವುದನ್ನು ನಾನು ನೋಡಲಾರೆ. ಪೆನ್ನಿಗೆ ಟೋಪಿ ಹಾಕದಿದ್ದರೆ ನಮ್ಮ ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ಉಪ್ಪಿನಕಾಯಿ ಜಾಡಿ ತೆರೆದು ಬಿಟ್ಟರೆ ನಮ್ಮಜ್ಜಿ. ಆ ಶಿಕ್ಷಣದ ಫಲವಾಗಿ, ಮನೆಯಲ್ಲಿ ಯಾರು ಏನು ತೆರೆದಿಟ್ಟರೂ ಹಿಂದೆಯೇ ಹೋಗಿ ಮುಚ್ಚುತ್ತೇನೆ. ಈ ಸದ್ಗುಣಕ್ಕಾಗಿ ನಾನು ಬೈಸಿಕೊಂಡದ್ದು ಒಂದೇ ಒಂದು ಸಲ, ಅದು ಆಸ್ಪತ್ರೆಯಲ್ಲಿ.

ಹೋದ ವರ್ಷ ನನ್ನ ಹೆಂಡತಿ ನ್ಯುಮೋನಿಯಾದಿಂದ ಒಂಬತ್ತು ದಿನ ಮಲಗಿದ್ದಳು. ಎರಡನೆಯ ರಾತ್ರಿ ಸಿಸ್ಟರ್ ಚುಚ್ಚುಮದ್ದು ಕೊಟ್ಟು ಟ್ರಾಲಿಯ ಕಡೆ ತಿರುಗಿದರು. ಸೂಜಿಯ ಪುಟ್ಟ ಟೋಪಿ ಹಾಸಿಗೆಯ ಮೇಲೆಯೇ ಉಳಿದಿತ್ತು. ನಾನು ಅದನ್ನು ಹೆಕ್ಕಿಕೊಂಡು, ಉಪಕಾರ ಮಾಡುವ ಉತ್ಸಾಹದಲ್ಲಿ, ಅವರ ಕೈಯಲ್ಲಿದ್ದ ಸೂಜಿಯತ್ತ ಚಾಚಿದೆ.

"ಮುಟ್ಟಬೇಡಿ ಸಾರ್!"

ವಾರ್ಡಿನ ಅರ್ಧ ಜನ ಎದ್ದು ಕುಳಿತರು. ಆಮೇಲೆ ಸಿಸ್ಟರ್ ದನಿ ತಗ್ಗಿಸಿ ವಿವರಿಸಿದರು. ಟೋಪಿ ತೊಡಿಸಲು ಹೋಗಿ, ಗುರಿ ತಪ್ಪಿ, ಇನ್ನೊಂದು ಕೈಗೆ ಚುಚ್ಚಿಕೊಂಡ ನರ್ಸುಗಳು ಎಷ್ಟೋ ಮಂದಿಯಂತೆ. ರಕ್ತ ಕಂಡ ಸೂಜಿಗೆ ಮತ್ತೆ ಟೋಪಿಯಿಲ್ಲ. ಟ್ರಾಲಿಯ ಮೇಲಿದ್ದ ಯಂತ್ರದಲ್ಲಿ ಅದನ್ನು ಕತ್ತರಿಸಿ, ಚುಚ್ಚಿದರೂ ತೂತಾಗದ ಬಿಳಿಯ ಡಬ್ಬಿಗೆ ಬೀಳಿಸಿದರು. ಸಿರಿಂಜು ಕೆಂಪು ಚೀಲಕ್ಕೆ ಹೋಯಿತು. ರಕ್ತದ ಹತ್ತಿ ಹಳದಿಗೆ. ಡಬ್ಬಿ ಮುಕ್ಕಾಲು ತುಂಬಿದರೆ ಸಾಕು, ಮುಚ್ಚಿಬಿಡುತ್ತಾರೆ.

ನನ್ನ ಬಾಲ್ಯದ ಕಾಂಪೌಂಡರ್ ನೆನಪಾದರು. ಸ್ಪಿರಿಟ್ ಒಲೆಯ ಮೇಲೆ ಗಾಜಿನ ಸಿರಿಂಜು ಕುದಿಸಿ, ಅದೇ ಸೂಜಿಯಿಂದ ಊರಿಗೆಲ್ಲ ಚುಚ್ಚುತ್ತಿದ್ದರು. ಆ ಸೂಜಿ ಮನೆಯ ಹಿರಿಯನಂತೆ ಬಹುಕಾಲ ಬಾಳುತ್ತಿತ್ತು. ಈಗಿನ ಸೂಜಿಯ ಆಯುಸ್ಸು ಒಂದೇ ಗಳಿಗೆ. ಆದರೆ ಸತ್ತ ಮೇಲೂ ಚುಚ್ಚುತ್ತದೆ.

ಅದು ಎಷ್ಟು ನಿಜವೆಂದು ಮರುದಿನ ತಿಳಿಯಿತು. ವಾರ್ಡಿನ ಕಸ ಒಯ್ಯುವ ಆಯಾ ಉಂಗುರದ ಬೆರಳಿಗೆ ಪಟ್ಟಿ ಕಟ್ಟಿದ್ದಳು. ಏನಮ್ಮ ಎಂದೆ.

"ಯಾರೋ ಹತ್ತಿಯೊಳಗೆ ಸೂಜಿ ಸುತ್ತಿ ಹಳದಿ ಚೀಲಕ್ಕೆ ಹಾಕಿದ್ರು ಸಾರ್. ಎತ್ತಿದೆ, ಚುಚ್ಚಿತು. ಸೋಪು ಹಾಕಿ ತೊಳೆದೆ. ಯಾರ ಸೂಜಿಯೋ ಗೊತ್ತಿಲ್ವಲ್ಲ. ಇಪ್ಪತ್ತೆಂಟು ದಿನ ಮಾತ್ರೆ ನುಂಗಬೇಕಂತೆ. ಇವತ್ತಿಗೆ ಮೂರು ದಿನ. ಮನೇಲಿ ಹೇಳಿಲ್ಲ."

ಡಾಕ್ಟರನ್ನು ಕೇಳಿದೆ. ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದರೆ ಸುಮಾರು 300ರಲ್ಲಿ ಒಬ್ಬರಿಗೆ ಅದು ಅಂಟಬಹುದು; ಮಾತ್ರೆಯನ್ನು 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಬೇಗ ಶುರುಮಾಡಬೇಕು. ಹೆಪಟೈಟಿಸ್ ಬಿ ಇನ್ನೂ ಕೆಟ್ಟದ್ದು: ಲಸಿಕೆ ಹಾಕಿಸದವರಲ್ಲಿ 100ಕ್ಕೆ 30ರವರೆಗೂ ಅಂಟೀತು. ಆಯಾ ಮೂರು ಸಲವೂ ಲಸಿಕೆ ಹಾಕಿಸಿಕೊಂಡಿದ್ದಳು, ಅಷ್ಟು ಸಮಾಧಾನ.

ಹತ್ತಿಯಲ್ಲಿ ಸೂಜಿ ಸುತ್ತಿದ ಆ ಅನಾಮಧೇಯನನ್ನು ಮನಸಾರೆ ಶಪಿಸಿದೆ. ಶಾಪ ಮುಗಿಯುವ ಮೊದಲೇ ನನ್ನ ನೆನಪಾಯಿತು. ಹನ್ನೊಂದು ವರ್ಷದಿಂದ ನಾನು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದೇನೆ. ಪ್ರತಿ ಸೂಜಿಗೂ ಶಿಸ್ತಾಗಿ ಟೋಪಿ ತೊಡಿಸಿ, ಹಿಂದಿನ ಭಾನುವಾರದ ಪುರವಣಿಯಲ್ಲಿ ಸುತ್ತಿ, ಕಸದ ಬುಟ್ಟಿಗೆ ಹಾಕುತ್ತಿದ್ದೆ. ಕಾಗದ ಹರಿಯುತ್ತದೆ, ಟೋಪಿ ಕಳಚುತ್ತದೆ. ಬೆಳಗ್ಗೆ ಬರುವ ಹೆಂಗಸು ಬರಿಗೈಯಲ್ಲಿ ಕಸ ಕೆದಕುವುದನ್ನು ನಾನು ಕಿಟಕಿಯಿಂದ ದಿನವೂ ನೋಡುತ್ತಿದ್ದೆ. ಮನೆಯ ಸೂಜಿಗಳೂ ಅಪಾಯಕಾರಿ ಕಸ, ಬೇರೆಯಾಗಿಯೇ ಕೊಡಬೇಕು ಎಂದು 2016ರ ಕಸದ ನಿಯಮಗಳೇ ಹೇಳಿದ್ದವು. ನನ್ನ ಪುರವಣಿಯೊಳಗೆ ಆ ಸಂಗತಿ ಹೊಕ್ಕಿರಲಿಲ್ಲ.

ಈಗ ಬಚ್ಚಲುಮನೆಯ ಗೂಡಿನಲ್ಲಿ ದಪ್ಪ ಪ್ಲಾಸ್ಟಿಕ್ಕಿನ ಜಾಡಿಯೊಂದಿದೆ. ಮೇಲೆ 'ಸೂಜಿ' ಎಂದು ಬರೆದಿದ್ದೇನೆ. ಮುಕ್ಕಾಲು ತುಂಬಿದರೆ ಬಿಗಿಯಾಗಿ ಮುಚ್ಚಿ ನಮ್ಮ ಡಾಕ್ಟರಿಗೆ ಒಪ್ಪಿಸುತ್ತೇನೆ. ತಮ್ಮ ಡಬ್ಬಿಗಳ ಜೊತೆಗೆ ಕಳಿಸಲು ಅವರು ಒಪ್ಪಿದ್ದಾರೆ. ಮುಚ್ಚುವ ಚಾಳಿಗೆ ಕೊನೆಗೂ ತಕ್ಕ ಜಾಗ ಸಿಕ್ಕಿತು.

ಆಸ್ಪತ್ರೆಯಿಂದ ಹೊರಡುವ ದಿನ ಆಯಾಳನ್ನು ಕೇಳಿದ್ದೆ: "ಇನ್ನೆಷ್ಟು ದಿನಮ್ಮ?"

"ಹದಿನೆಂಟು, ಸಾರ್."

ಆ ಹದಿನೆಂಟು ದಿನವನ್ನು ನಾನೂ ಎಣಿಸಿದೆ.