ಒಗೆದು ಒಣಗಿಸಿದ ಕಾರಿನ ಕೀ

ಜೇಬು ನೋಡದೆ ಪ್ಯಾಂಟನ್ನು ಒಗೆಯೋಕೆ ಹಾಕಬೇಡ ಅಂತ ಅಮ್ಮ ನಾನು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲದಿಂದ ಹೇಳುತ್ತಲೇ ಬಂದಿದ್ದಾಳೆ. ಇದುವರೆಗೆ ನಾನು ಬಸ್ ಟಿಕೆಟ್ಟು, ಹತ್ತರ ನೋಟು, ಬಾಲ್ ಪೆನ್ನು, ಒಮ್ಮೆ ಒಂದು ಪೆನ್‌ಡ್ರೈವು ಇಷ್ಟನ್ನು ಒಗೆದಿದ್ದೆ. ಈ ಸಲ ಊರಿಗೆ ಹೋದಾಗ ಅಪ್ಪನ ಕಾರಿನ ಕೀ ಒಗೆದೆ.

ನಮ್ಮೂರು ಸಾಗರದಿಂದ ಹದಿನೆಂಟು ಕಿಲೋಮೀಟರ್ ಒಳಗೆ. ಬಸ್ಸು ದಿನಕ್ಕೆ ಎರಡು, ಅದರಲ್ಲಿ ಒಂದು ಮಳೆಗಾಲದಲ್ಲಿ ಬಂದರೆ ಬಂತು. ಹಾಗಾಗಿ ಆ ಹಳೇ ಕಾರು ನಮ್ಮನೆಗೆ ಶೋಕಿಯ ವಸ್ತು ಅಲ್ಲ. ಅಡಿಕೆ ಮಂಡಿಗೆ, ಬ್ಯಾಂಕಿಗೆ, ಅಮ್ಮನ ಮಂಡಿನೋವಿಗೆ, ನೆಂಟರ ಮನೆ ಊಟಕ್ಕೆ ಎಲ್ಲಕ್ಕೂ ಅದೇ. ಆದರೆ ಕೆಲವು ತಿಂಗಳಿಂದ ಅಪ್ಪ ಕಾರು ಹೊರಗೆ ತೆಗೆಯೋದೇ ಕಮ್ಮಿ ಮಾಡಿದ್ದ. ಯಾಕೆ ಅಂದ್ರೆ "ಕಣ್ಣು ಮೊದಲಿನಷ್ಟು ಸೂಕ್ಷ್ಮ ಇಲ್ಲ" ಅಂತಿದ್ದ. ಅಮ್ಮ ಸಾಗರಕ್ಕೆ ಹೋಗಬೇಕಂದ್ರೆ ಪಕ್ಕದ ಮನೆಯವರ ಆಟೋ. ಅರವತ್ತೆಂಟು ವರ್ಷ ಆಯ್ತಲ್ಲ, ಇರಬಹುದು ಅಂದುಕೊಂಡಿದ್ದೆ. ಶನಿವಾರ ಬೆಳಿಗ್ಗೆ ಪೇಟೆಗೆ ಹೋಗಿ ಬರ್ತೀನಿ ಅಂದಾಗ ಕೀ ಕೊಡುತ್ತಾ "ಜೋಪಾನ" ಅಂದ. ನಾನು ಅಂಗಳ ಇಳಿಯೋವಾಗ ಮತ್ತೊಮ್ಮೆ "ಕೀ ಜೋಪಾನ" ಅಂದ. ಎರಡು ಸಲ ಯಾಕೆ ಹೇಳಿದ ಅಂತ ಆಗ ಹೊಳೆಯಲಿಲ್ಲ.

ಅದೇ ಸಂಜೆ ವಾಷಿಂಗ್ ಮಷೀನಿನೊಳಗೆ ಟಕ್ ಟಕ್ ಅಂತ ಶಬ್ದ. ಅಮ್ಮ "ಎಂಥದಾ ಅದು?" ಅಂದಳು. ನನಗೆ ಅಷ್ಟರಲ್ಲಿ ಗೊತ್ತಾಗಿತ್ತು.

ಮಡಚುವ ಥರದ ಕೀ ಅದು, ಗುಂಡಿ ಒತ್ತಿದರೆ ಚಾಕುವಿನ ಹಾಗೆ ಹೊರಗೆ ಬರೋದು. ಹೊರಕವಚ ಸೀಳಿತ್ತು, ಗುಂಡಿ ಒತ್ತಿದರೆ ಬಾಗಿಲು ತೆಗೆಯಲಿಲ್ಲ. ಅಮ್ಮ ತಕ್ಷಣ ಅದನ್ನು ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟಳು (ವಾಟ್ಸ್ಯಾಪ್ ವಿಶ್ವವಿದ್ಯಾಲಯದ ಪದವೀಧರೆ!). ನಾನು ತೆಗೆದು ಬಿಚ್ಚಿ, ಒಳಗಿದ್ದ ಸಿಆರ್2032 ಬಿಲ್ಲೆ ಬ್ಯಾಟರಿ ಹೊರಗೆ ಹಾಕಿದೆ. ನೀರಿಗೆ ಬಿದ್ದ ಕೀಗೆ ಮೊದಲ ಚಿಕಿತ್ಸೆ ಇದೇ. ನೀರು ಒಂದೇ ಅಷ್ಟು ಬೇಗ ಕೊಲ್ಲೋದಿಲ್ಲ. ನೀರು, ಸೋಪು, ಬ್ಯಾಟರಿಯ ಕರೆಂಟು ಮೂರೂ ಸೇರಿದರೆ ಬೋರ್ಡಿನ ತಾಮ್ರ ಹಸಿರು ಕಟ್ಟಿ ಹೋಗುತ್ತದೆ.

ಆಮೇಲೆ ಕಬ್ಬಿಣದ ಭಾಗ ತಿರುಗಿಸಿ ಬಾಗಿಲು ತೆಗೆದು, ಇಗ್ನಿಶನ್‌ಗೆ ಹಾಕಿ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್! ರಿಮೋಟ್ ಸತ್ತಿದೆ, ಬ್ಯಾಟರಿಯೇ ಇಲ್ಲ, ಆದರೂ ಕಾರು ಸ್ಟಾರ್ಟ್ ಆಗುತ್ತೆ. ಇದು ಹೇಗೆ ಅಂತ ಆಗ ಯೋಚಿಸಿದ್ದಿದ್ದರೆ ಮುಂದಿನ ಎಡವಟ್ಟು ಆಗ್ತಿರಲಿಲ್ಲ.

ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ರಿಮೋಟ್ ಇರುವ ಹೊಸ ಕೀ, ಪ್ರೋಗ್ರಾಮಿಂಗ್ ಎಲ್ಲ ಸೇರಿ ಹನ್ನೆರಡು ಸಾವಿರ ಚಿಲ್ಲರೆ, ಬರೋದಕ್ಕೆ ಹದಿನೈದು ದಿನ ಅಂದರು. "ಇನ್ನೊಂದು ಕೀ ಇದೆಯಲ್ಲ ಸಾರ್? ಅದನ್ನೂ ತನ್ನಿ. ಒಂದೂ ಇಲ್ಲ ಅಂದ್ರೆ ಪೂರ್ತಿ ಲಾಕ್ ಸೆಟ್ ಹಾಕಬೇಕಾಗ್ಬಹುದು, ಅದು ಇಪ್ಪತ್ತರ ಮೇಲೆ." ಅಪ್ಪನ ಹತ್ತಿರ ಇನ್ನೊಂದು ಕೀ ಎಲ್ಲಿ ಅಂತ ಕೇಳಿದೆ. "ಕಪಾಟಲ್ಲಿ ಇದ್ದಿಕ್ಕು, ಆಮೇಲೆ ನೋಡ್ತೆ" ಅಂದು ತೋಟಕ್ಕೆ ಹೋಗಿಬಿಟ್ಟ.

ಹನ್ನೆರಡು ಸಾವಿರ ಯಾರು ಕೊಡ್ತಾರೆ? ಭಾನುವಾರ ಸಾಗರದ ಕಾರಿನ ಸಾಮಾನಿನ ಅಂಗಡಿಯಲ್ಲಿ ಅದೇ ಆಕಾರದ ಖಾಲಿ ಕವಚ ಮುನ್ನೂರೈವತ್ತಕ್ಕೆ ಸಿಕ್ಕಿತು. ಮನೆಗೆ ಬಂದು ಹಳೆಯದರಿಂದ ಕಬ್ಬಿಣದ ಬ್ಲೇಡು ತೆಗೆದು ಹೊಸದಕ್ಕೆ ಹಾಕಿದೆ, ಬೋರ್ಡು ಕೂರಿಸಿದೆ, ಸ್ಕ್ರೂ ಬಿಗಿದೆ. ಹಳೇ ಕವಚ ಎಸೆದೆ. ಎಷ್ಟು ಚಂದ ಕಾಣ್ತಿತ್ತು ಅಂದ್ರೆ ಫೋಟೋ ತೆಗೆದು ಹೆಂಡತಿಗೂ ಕಳಿಸಿದೆ.

ಕಾರಿಗೆ ಹಾಕಿ ತಿರುಗಿಸಿದೆ. ಸ್ಟಾರ್ಟ್ ಆಯ್ತು. ಎರಡೇ ಸೆಕೆಂಡು. ಆರಿಹೋಯ್ತು. ಮತ್ತೆ ತಿರುಗಿಸಿದೆ, ಮತ್ತೆ ಅದೇ. ಮೀಟರಿನ ಹತ್ತಿರ ಕೀ ಚಿತ್ರದ ಕೆಂಪು ದೀಪ ಮಿಣ ಮಿಣ ಮಿನುಗುತ್ತಿತ್ತು.

ಶಿವಮೊಗ್ಗದಲ್ಲಿ ಕಾರಿನ ಕೀ ಮಾಡುವ ಹುಡುಗನೊಬ್ಬನ ನಂಬರನ್ನು ಸ್ನೇಹಿತ ಕೊಟ್ಟ. ಕಥೆ ಪೂರ್ತಿ ಹೇಳೋದಕ್ಕೂ ಬಿಡದೆ ಅವನು ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ಹಳೇ ಕವರ್ ಎಲ್ಲಿ?"

"ಎಸೆದೆ."

"ಮೊದ್ಲು ಹುಡುಕಿ ಸಾರ್. ಚಿಪ್ ಅದರೊಳಗೇ ಇದೆ."

ವಿಷಯ ಇಷ್ಟು. ನಾವು ಒಂದು ಕೀ ಅಂದುಕೊಂಡಿರೋದು ಒಂದಲ್ಲ, ಮೂರು. ಒಂದು, ಬಾಗಿಲಿನ ಮತ್ತು ಇಗ್ನಿಶನ್ನಿನ ಬೀಗ ತಿರುಗಿಸುವ ಕಬ್ಬಿಣ. ಎರಡು, ಬಾಗಿಲು ತೆಗೆದು ಹಾಕುವ ರಿಮೋಟು, ಅದಕ್ಕೆ ಬ್ಯಾಟರಿ ಬೇಕು. ಮೂರನೆಯದು ಕಣ್ಣಿಗೇ ಕಾಣದ ಟ್ರಾನ್ಸ್‌ಪಾಂಡರ್ ಚಿಪ್ಪು. ಇದಕ್ಕೆ ಬ್ಯಾಟರಿ ಬೇಡ. ಇಗ್ನಿಶನ್ ಬೀಗದ ಸುತ್ತ ಉಂಗುರದ ಹಾಗೆ ಒಂದು ತಂತಿ ಸುರುಳಿ ಇರುತ್ತದೆ. ಕೀ ತಿರುಗಿಸಿದಾಗ ಅದು ಹೊರಡಿಸುವ ರೇಡಿಯೋ ಅಲೆಯಿಂದಲೇ (ಬಹಳಷ್ಟು ಕಾರುಗಳಲ್ಲಿ 125 ಕಿಲೋಹರ್ಟ್ಸ್) ಈ ಚಿಪ್ಪು ಚೂರು ಶಕ್ತಿ ಕುಡಿದು, ತನ್ನ ಗುರುತು ಹೇಳುತ್ತದೆ. ಎಂಜಿನ್ನಿನ ಕಂಪ್ಯೂಟರಿನ ನೆನಪಲ್ಲಿ ಆ ಗುರುತು ಇದ್ದರೆ ಸರಿ, ಇಲ್ಲದಿದ್ದರೆ ಎಂಜಿನ್ ಬಂದ್. ಕಾರು ಕಳ್ಳರಿಗಾಗಿ ಮಾಡಿದ ವ್ಯವಸ್ಥೆ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ. ನಮ್ಮಲ್ಲೂ ಈಗ ಸಾಮಾನ್ಯವಾಗಿ ಎಲ್ಲಾ ಕಾರಲ್ಲಿ ಇರುತ್ತದೆ. ಕೆಲವು ಕೀಗಳಲ್ಲಿ ಚಿಪ್ಪು ರಿಮೋಟಿನ ಬೋರ್ಡಿಗೇ ಅಂಟಿಕೊಂಡಿರುತ್ತದೆ. ನಮ್ಮದರಲ್ಲಿ ಕವಚದ ಮೂಲೆಯ ಸಣ್ಣ ಗೂಡಿನಲ್ಲಿ ಬೇರೆಯೇ ಇತ್ತು. ಅಂದ್ರೆ ನಾನು ಮುನ್ನೂರೈವತ್ತು ರೂಪಾಯಿ ಕೊಟ್ಟು, ನನ್ನ ಕೈಯಾರೆ, ಅಪ್ಪನ ಕಾರನ್ನು ಅಪ್ಪನ ಕಾರಿಗೇ ಕಳ್ಳನನ್ನಾಗಿ ಮಾಡಿದ್ದೆ.

ಹಳೇ ಕವಚ ಎಸೆದದ್ದು ಎಲ್ಲಿಗೆ? ಬಚ್ಚಲು ಒಲೆ ಪಕ್ಕದ ಬುಟ್ಟಿಗೆ. ಅಡಿಕೆ ಸಿಪ್ಪೆ, ಕಾಗದದ ಚೂರು ಎಲ್ಲ ಒಲೆಗೆ ಹಾಕೋಕೆ ಅಂತ ಇಟ್ಟ ಬುಟ್ಟಿ ಅದು. ಓಡಿ ಹೋದರೆ ಒಲೆ ಆಗಲೇ ಧಗಧಗ, ಬುಟ್ಟಿ ಅರ್ಧ ಖಾಲಿ!

ಉಳಿದದ್ದನ್ನು ಅಂಗಳಕ್ಕೆ ಸುರಿದೆ. ಅಷ್ಟರಲ್ಲಿ ಅಪ್ಪ ಬಂದ. ಬೈತಾನೆ ಅಂದುಕೊಂಡೆ. ಬೈಯಲಿಲ್ಲ. ಬ್ಯಾಟರಿ ಹಿಡಿದು ಕೆಳಗೆ ಕೂತುಬಿಟ್ಟ. ಒಂದೊಂದೇ ಸಿಪ್ಪೆ ಸರಿಸಿ ಸರಿಸಿ ನೋಡ್ತಾ ಇದ್ದ. ಕೈ ಸ್ವಲ್ಪ ನಡುಗ್ತಾ ಇತ್ತು. "ಇಷ್ಟು ಗಾಬರಿ ಎಂತಕ್ಕೆ, ಸಿಗದಿದ್ರೆ ಇನ್ನೊಂದು ಕೀ ಇದ್ಯಲ" ಅಂದೆ.

ಅಪ್ಪ ಸಿಪ್ಪೆ ಸರಿಸೋದು ನಿಲ್ಲಿಸಲಿಲ್ಲ. ತಲೆ ಎತ್ತದೆಯೇ "ಅದು ಇಲ್ಲೆ" ಅಂದ.

ಮಳೆಗಾಲದ ಮುಂಚೆಯೇ ಕಳೆದುಹೋಗಿತ್ತಂತೆ. ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ತೋಟಕ್ಕೆ ಹೋಗಿದ್ದಾನೆ, ಕಾಲುವೆ ದಾಟುವಾಗ ಎಲ್ಲೋ ಬಿದ್ದಿದೆ. ಮೂರು ದಿನ ಹುಡುಕಿದ್ದಾನೆ. ಅಮ್ಮನಿಗೂ ಹೇಳಿಲ್ಲ. ಯಾರೋ ಪರಿಚಯದವರು, ಕಂಪ್ಯೂಟರ್ ಕೀ ಹೋದರೆ ಇಪ್ಪತ್ತು ಸಾವಿರ, ಎರಡೂ ಹೋದರೆ ಕಾರು ಗುಜರಿಗೇ ಅಂತ ಹೇಳಿದ್ದಾರೆ. ಮರೆವು ಶುರುವಾಯ್ತೇನೋ ಅಂತ ಒಳಗೇ ಹೆದರಿಕೆ. ಉಳಿದ ಒಂದು ಕೀಯನ್ನೂ ಎಲ್ಲಾದರೂ ಬಿಟ್ಟು ಬಂದರೆ ಅಂತ ಹೆದರಿ, ಕಾರನ್ನೇ ತೆಗೆಯೋದು ಬಿಟ್ಟಿದ್ದಾನೆ. ಕಣ್ಣಿಗೆ ಏನೂ ಆಗಿರಲಿಲ್ಲ.

"ಒಂದು ಮಾತು ಹೇಳಕ್ಕಾಗಿತ್ತು" ಅಂದೆ. "ಹೇಳಿದ್ರೆ ನೀ ದುಡ್ಡು ಕಳಿಸ್ತಿದ್ದೆ" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕವಚ ಅಪ್ಪನಿಗೇ ಸಿಕ್ಕಿತು, ಬುಟ್ಟಿಯ ತಳದಲ್ಲಿ. ಮೂಲೆಯಲ್ಲಿ ಹುಣಸೆಬೀಜಕ್ಕಿಂತ ಚಿಕ್ಕದಾದ ಕಪ್ಪು ತುಂಡು. ಸೂಜಿಯಿಂದ ಎಬ್ಬಿಸಿ ಹೊಸ ಕವಚಕ್ಕೆ ಕೂರಿಸಿದೆ. ತಿರುಗಿಸಿದರೆ ಕಾರು ಏನೂ ಆಗಿಲ್ಲ ಅನ್ನೋ ಥರ ಸ್ಟಾರ್ಟ್ ಆಯ್ತು, ಆರಲಿಲ್ಲ.

ಸೋಮವಾರಕ್ಕೆ ರಜೆ ಹಾಕಿದೆ. ಸಾಗರದಲ್ಲಿ ಬೇರೆ ಕೆಲಸವೂ ಇದ್ದಿದ್ದರಿಂದ ಆ ಹುಡುಗ ನಮ್ಮನೆವರೆಗೂ ಬಂದ. ಬಂದವನೇ ಕೇಳಿದ್ದು ಆರ್‌ಸಿ ಮತ್ತು ಅಪ್ಪನ ಗುರುತಿನ ಚೀಟಿ. ಅಪ್ಪನಿಗೆ ಸ್ವಲ್ಪ ಬೇಜಾರಾಯ್ತು, ನನಗೆ ಧೈರ್ಯ ಬಂತು. ದಾಖಲೆ ಕೇಳದೆ ಕೀ ಮಾಡಿಕೊಡೋನು ನಾಳೆ ನಮ್ಮ ಕಾರಿಗೂ ಯಾರಿಗೋ ಮಾಡಿಕೊಡ್ತಾನೆ.

ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಶ್ ಹಾಕಿ ತೊಳೆದ, ಒಂದು ಸ್ವಿಚ್ ಬದಲಾಯಿಸಿದ, ಹೊಸ ಬ್ಯಾಟರಿ ಹಾಕಿದ. ರಿಮೋಟು ಬದುಕಿತು. ಅದಕ್ಕೆ ನಾನೂರು ರೂಪಾಯಿ. ಆಮೇಲೆ ಕೇಳಿದ, "ಎರಡನೇ ಕೀಗೆ ರಿಮೋಟ್ ಬೇಕಾ ಸಾರ್?" ಬೇಕೇ ಬೇಕು ಅಂತೇನಿದೆ? ಬರೀ ಕಬ್ಬಿಣ ಮತ್ತು ಚಿಪ್ಪು ಇರುವ ಸಾದಾ ಕೀ ಸಾಕು ಅಂದೆ. ಮಷೀನಿನಲ್ಲಿ ಬ್ಲೇಡು ಕತ್ತರಿಸಿ, ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ವೈರು ಸಿಕ್ಕಿಸಿ, ಇಪ್ಪತ್ತು ನಿಮಿಷದಲ್ಲಿ ಚಿಪ್ಪನ್ನು ಕಾರಿಗೆ ಪರಿಚಯ ಮಾಡಿಸಿದ. ಎರಡು ಸಾವಿರದ ಇನ್ನೂರು. ಜೊತೆಗೆ ತೋಟದಲ್ಲಿ ಕಳೆದ ಕೀಯ ಗುರುತನ್ನು ಕಾರಿನ ನೆನಪಿಂದ ಅಳಿಸಿಹಾಕಿದ. ಇನ್ನು ಅದು ಯಾರಿಗೆ ಸಿಕ್ಕರೂ ಬಾಗಿಲು ತೆಗೆಯಬಹುದೇ ಹೊರತು ಕಾರು ಓಡಿಸೋಕಾಗಲ್ಲ. ಕವಚವೂ ಸೇರಿ ಒಟ್ಟು ಎರಡು ಸಾವಿರದ ಒಂಬೈನೂರ ಐವತ್ತು.

ಈ ಎರಡು ದಿನದಲ್ಲಿ ಕಲಿತದ್ದನ್ನು ಬರೆದಿಡ್ತೀನಿ, ಯಾರಿಗಾದರೂ ಉಪಯೋಗಕ್ಕೆ ಬರಲಿ:

- ಮೊದಲು ಮೂರರಲ್ಲಿ ಯಾವುದು ಕೆಟ್ಟಿದೆ ನೋಡಿ. ರಿಮೋಟ್ ಕೆಲಸ ಮಾಡ್ತಿಲ್ಲ, ಕಾರು ಸ್ಟಾರ್ಟ್ ಆಗ್ತಿದೆ ಅಂದ್ರೆ ಚಿಪ್ಪು ಸರಿ ಇದೆ. ಬ್ಯಾಟರಿ ಬದಲಾಯಿಸಿ ನೋಡಿ, ಎಷ್ಟೋ ಸಲ ಅಷ್ಟೇ ಇರುತ್ತದೆ.
- ಕವಚ ಬದಲಿಸಿದರೆ, ಹೊಸ ಕೀಯಿಂದ ಕಾರು ಐದು ನಿಮಿಷ ಓಡುವ ತನಕ ಹಳೆಯದನ್ನು ಎಸೆಯಬೇಡಿ. (ಒಲೆ ಹತ್ತಿರವಂತೂ ಇಡಲೇಬೇಡಿ.)
- ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರಿನ ಕೀ ಬ್ಯಾಟರಿ ಮುಗಿದರೆ ಗಾಬರಿ ಬೇಡ. ಕೀಯೊಳಗೇ ಒಂದು ಕಬ್ಬಿಣದ ಕೀ ಅಡಗಿರುತ್ತದೆ, ಅದರಿಂದ ಬಾಗಿಲು ತೆಗೆಯಿರಿ. ಆಮೇಲೆ ಸಾಮಾನ್ಯವಾಗಿ ಕೀಯನ್ನೇ ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದರೆ ಆಯ್ತು. ನಿಮ್ಮ ಕಾರಿನದು ಎಲ್ಲಿ ಅಂತ ಅದರ ಪುಸ್ತಕದಲ್ಲಿ ಇರುತ್ತದೆ.
- ಹೊಸ ಕಾರಿನ ಕೀ ಜೊತೆ ನಂಬರ್ ಇರುವ ಸಣ್ಣ ಟ್ಯಾಗ್ ಬಂದರೆ ಅದನ್ನು ಕೀ ಗೊಂಚಲಿಗೆ ಹಾಕಬೇಡಿ. ಫೋಟೋ ತೆಗೆದು ದಾಖಲೆಗಳ ಜೊತೆ ಇಡಿ. ಕೀ ಕಳೆದಾಗ ಹೊಸದನ್ನು ಕತ್ತರಿಸೋಕೆ ಅದೇ ಬೇಕು.
- ಕಾರು ಕಳುವಾದರೆ ವಿಮೆಯವರು ಎರಡೂ ಕೀ ಕೇಳ್ತಾರೆ. ಕೀ ಕಳೆದಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ. ವಿಮೆ ಮಾಡಿಸುವಾಗ ಸ್ವಲ್ಪ ಹೆಚ್ಚು ಕೊಟ್ಟರೆ ಕೀ ಬದಲಾವಣೆಯ ಖರ್ಚೂ ಸೇರುವ ಪಾಲಿಸಿ ಸಿಗುತ್ತದೆ. ನಿಮ್ಮದರಲ್ಲಿ ಆಗಲೇ ಇದೆಯಾ ನೋಡಿ.
- ಎಲ್ಲಕ್ಕಿಂತ ಮುಖ್ಯ, ಒಂದು ಕೀ ಕೈಯಲ್ಲಿ ಇರುವಾಗಲೇ ಎರಡನೆಯದು ಮಾಡಿಸಿ. ಕೆಲಸ ಮಾಡುವ ಒಂದು ಕೀ ಇದ್ದರೆ ಇನ್ನೊಂದು ಸೇರಿಸೋದು ಸುಲಭ, ಅಗ್ಗ. ಒಂದೂ ಇಲ್ಲದಿದ್ದರೆ ಕಾರನ್ನು ಇದ್ದಲ್ಲಿಂದ ಎಳೆಸೋದು, ಕಂಪನಿಯಿಂದ ಸೆಕ್ಯೂರಿಟಿ ಕೋಡ್ ತರಿಸೋದು ಎಲ್ಲ ಸೇರಿ ಬಿಲ್ಲು ಬೆಳೆಯುತ್ತದೆ.

ಇದೆಲ್ಲ ಮೊದಲೇ ಗೊತ್ತಿದ್ದಿದ್ದರೆ ಅಪ್ಪ ಇಷ್ಟು ತಿಂಗಳು ಮನೆಯಲ್ಲಿ ಕೂರುತ್ತಿರಲಿಲ್ಲ. ಎರಡು ಸಾವಿರದ ಇನ್ನೂರು ರೂಪಾಯಿ ವಿಷಯ. ನಾನೂ ಪ್ರತಿ ವಾರ ಫೋನಿನಲ್ಲಿ "ಕಣ್ಣು ತೋರಿಸಿಕೊ" ಅಂತ ಹೇಳಿ ಇಟ್ಟುಬಿಡ್ತಿದ್ದೆ. ಕಾರು ಯಾಕೆ ತೆಗೀತಿಲ್ಲ ಅಂತ ಇನ್ನೊಂದು ಪ್ರಶ್ನೆ ಕೇಳಿರಲಿಲ್ಲ.

ಸೋಮವಾರ ರಾತ್ರಿ ಬಸ್ಸಿಗೆ ಸಾಗರಕ್ಕೆ ಅಪ್ಪನೇ ಬಿಟ್ಟು ಬಂದ. ಹೊಸ ಸಾದಾ ಕೀಗೆ ಅಮ್ಮ ಕೆಂಪು ರಿಬ್ಬನ್ ಕಟ್ಟಿ ದೇವರ ಮನೆಯ ಗೂಡಿನಲ್ಲಿ ಇಟ್ಟಿದ್ದಾಳೆ, ರಿಮೋಟ್ ಇರೋದು ಅಪ್ಪನ ಹತ್ತಿರ. ಹದಿನೆಂಟು ಕಿಲೋಮೀಟರೂ ಎದುರಿಂದ ಹೈಬೀಮ್ ಹಾಕಿಕೊಂಡು ಬಂದವರಿಗೆಲ್ಲ ಬೈಯುತ್ತಲೇ ಓಡಿಸಿದ. ಇಳಿಯೋವಾಗ "ಪ್ಯಾಂಟಿನ ಜೇಬು ನೋಡ್ಕ್ಯಳೋ" ಅಂತ ಒಂದು ಮಾತು ಬೇರೆ :-)

ಅಂದಹಾಗೆ, ನಿಮ್ಮ ಕಾರಿನ ಎರಡನೇ ಕೀ ಎಲ್ಲಿದೆ? ಇದೆ ಅಂತ ಅಂದುಕೊಂಡಿರೋ ಜಾಗದಲ್ಲಿ ನಿಜವಾಗಲೂ ಇದೆಯಾ ಅಂತ ಒಮ್ಮೆ ಎದ್ದು ನೋಡಿ ಬನ್ನಿ. ಊರಲ್ಲಿ ಅಪ್ಪನದೊಂದು ಕಾರಿದ್ದರೆ ಅವರಿಗೂ ಒಂದು ಫೋನ್ ಮಾಡಿ ಕೇಳಿ.