ಹಬ್ಬದಾಗ ಕಲಿತ ಇಂಗ್ಲಿಷ್



ಇಂಗ್ಲಿಷ್ ತಾಸು ಬಂತೆಂದರೆ ನಾನು ಹಿಂದಿನ ಬೆಂಚಿಗೆ ಹೋಗಿ ಕೂಡುತ್ತಿದ್ದವನು. ಹೋದ ವರ್ಷ ದಸರಾ ಸೂಟಿಗೆ ಎರಡು ದಿನ ಮೊದಲು ನಮ್ಮ ಗುರುಗಳು ಪುಸ್ತಕ ಮುಚ್ಚಿಟ್ಟು, "ಇವತ್ತು ಪಾಠ ಬ್ಯಾಡ. ಹಬ್ಬಕ್ಕ ಒಬ್ಬರಿಗೊಬ್ಬರು ಏನಂತೀರಿ, ಇಂಗ್ಲಿಷಿನ್ಯಾಗ ಹೇಳ್ರಿ ನೋಡೋಣು" ಎಂದರು. ಎಲ್ಲರೂ "ಹ್ಯಾಪಿ ದಸರಾ" ಎಂದೆವು. "ಅದಕ್ಕ ತಿರುಗಿ ಏನಂತೀರಿ?" ಎಂದರು. "ಸೇಮ್ ಟು ಯೂ" ಎಂದೆವು. ನಮ್ಮ ಇಂಗ್ಲಿಷ್ ಅಲ್ಲಿಗೆ ಮುಗಿಯಿತು.

ಆಮೇಲೆ ಗುರುಗಳು ಹೇಳಿದ್ದು ನನಗೆ ಇನ್ನೂ ನೆನಪಿದೆ. ಹಾಲಿಡೇ ಅನ್ನೋದು ಮೊದಲು 'ಹೋಲಿ ಡೇ', ಅಂದರೆ ಪವಿತ್ರ ದಿನ ಆಗಿತ್ತಂತೆ. ಗುಡ್ ಬೈ ಅನ್ನೋದು 'ದೇವರು ನಿಮ್ಮ ಜೋಡಿ ಇರಲಿ' ಎಂಬ ಹಳೆಯ ಇಂಗ್ಲಿಷ್ ಮಾತು ಸವೆದು ಸವೆದು ಆದದ್ದು. ನಮ್ಮ ಮನೆಯಲ್ಲಿ 'ಹೋಗ್ತೀನಿ' ಅನ್ನುವಂತಿಲ್ಲ, 'ಹೋಗಿ ಬರ್ತೀನಿ' ಅನ್ನಬೇಕು. ಮರೆತರೆ ಆಯಿ ಬೈಯುತ್ತಾಳೆ. ಇಂಗ್ಲಿಷರ ಮನೆಯಲ್ಲೂ ಇಂಥ ಒಬ್ಬ ಆಯಿ ಇದ್ದಳೆಂದು ಕಾಣುತ್ತದೆ. 'ಮೆನಿ ಹ್ಯಾಪಿ ರಿಟರ್ನ್ಸ್' ಅಂದರೆ ನಾನು ಬಸ್ಸಿನ ರಿಟರ್ನ್ ಟಿಕೀಟು ಅಂತಲೇ ತಿಳಿದಿದ್ದೆ. ಇಂಥ ದಿನ ತಿರುತಿರುಗಿ ಬರಲಿ ಎಂದು ಅದರ ಅರ್ಥ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬವರು, ಎಲ್ಲರಿಗೂ ಪತ್ರ ಬರೆಯಲು ಪುರುಸೊತ್ತಿಲ್ಲದೆ, ಮೊದಲ ಕ್ರಿಸ್‌ಮಸ್ ಕಾರ್ಡು ಅಚ್ಚು ಹಾಕಿಸಿದರಂತೆ. ಹಬ್ಬ ಮುಗಿದ ಮೇಲೆ ಶುಭಾಶಯ ಹೇಳುವುದಾದರೆ 'ಬಿಲೇಟೆಡ್' ಎಂದು ಮೊದಲು ಹಚ್ಚಬೇಕು, ತಡಾ ಆತು ಅಂತ.

ಆದರೆ ಒಂದು ಮಾತಿಗೆ ಗುರುಗಳೂ ಸೋತರು. "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು" ಅಂತೀವಲ್ಲ, ಅದಕ್ಕೆ ಇಂಗ್ಲಿಷ್ ಏನು? ಒಬ್ಬಳು "ಟೇಕ್ ಲೀಫ್, ಬಿ ಗೋಲ್ಡ್" ಅಂದಳು. ವರ್ಗವೆಲ್ಲ ನಕ್ಕಿತು. ಗುರುಗಳು ಮಾತ್ರ ನಗಲಿಲ್ಲ. "ಹ್ಯಾಪಿ ದಸರಾ ಅಂದ್ರ ನೀ ಸುಖವಾಗಿರು ಅಂದ್ಹಂಗ. 'ಇರೋಣು' ಅಂದ್ರ ಅದರಾಗ ಇಬ್ಬರೂ ಬಂದ್ರು. ಸಂಕ್ರಾಂತಿಗೆ ಕುಸುರೆಳ್ಳು ಕೊಟ್ಟಾಗೂ ಹಂಗ" ಎಂದರು.

ಆ 'ಇರೋಣು' ನನಗೆ ಚುಚ್ಚಿತು. ನಮ್ಮಪ್ಪ ಮತ್ತು ಬನಹಟ್ಟಿಯ ಕಾಕಾ ಮೂರು ದಸರೆಯಿಂದ ಬನ್ನಿ ಕೊಟ್ಟಿರಲಿಲ್ಲ. ಕಾಕಾ ಅಲ್ಲಿ ಪಾವರ್‌ಲೂಮಿನಲ್ಲಿ ಸೀರೆ ನೇಯುತ್ತಾನೆ. ಅಜ್ಜ ತೀರಿದ ಮೇಲೆ ಕಬ್ಬಿನ ಹೊಲದ ಪಾಲಿನಲ್ಲಿ ಮಾತಿಗೆ ಮಾತು ಬೆಳೆಯಿತು. ಯಾರದು ತಪ್ಪು ಎಂದು ಇಲ್ಲಿ ಬರೆಯುವುದಿಲ್ಲ. ಈ ಗೋಡೆ ಪತ್ರಿಕೆಯನ್ನು ನಮ್ಮಪ್ಪನೂ ಓದುತ್ತಾನೆ. ಈಗ ಎಲ್ಲರೂ ಮೊಬೈಲಿನಲ್ಲಿ ಹಬ್ಬದ ಚಿತ್ರ ಕಳಿಸುತ್ತಾರೆ. ಅಪ್ಪ ಕಾಕಾನ ನಂಬರನ್ನೇ ಅಳಿಸಿಬಿಟ್ಟಿದ್ದ.

ಆ ದಸರೆಯೂ ಹಾಗೇ ಹೋಯಿತು. ನಾಲ್ಕು ದಿನದ ಮೇಲೆ ಅವ್ವ ಏನೋ ಕೆಲಸಕ್ಕೆ ನನ್ನನ್ನು ಬನಹಟ್ಟಿಗೆ ಕಳಿಸಿದಳು. ಡ್ರಾಯಿಂಗ್ ಹಾಳೆ ಮಡಚಿ 'ಬಿಲೇಟೆಡ್ ಹ್ಯಾಪಿ ದಸರಾ' ಎಂದು ಬಣ್ಣದ ಪೆನ್ನಿನಿಂದ ಬರೆದೆ. ಅದರ ಕೆಳಗೆ ಕನ್ನಡದಲ್ಲಿ 'ಬಂಗಾರದ್ಹಂಗ ಇರೋಣು' ಎಂದು ಬರೆದೆ. ದೇವರ ಜಗಲಿಯ ಮೇಲೆ ಒಣಗಿದ್ದ ಬನ್ನಿ ಒಳಗಿಟ್ಟೆ. ಕಡೆಗೆ ಅಪ್ಪನ ಹೆಸರು ಬರೆದೆ. ಸಹಿ ಹಾಕುವ ಧೈರ್ಯ ಆಗಲಿಲ್ಲ, ಹೆಸರಷ್ಟೇ.

ಕಾಕಾ ಮಗ್ಗದ ಮುಂದೆ ನಿಂತಿದ್ದ. ಆ ಸಪ್ಪಳದಲ್ಲಿ ಮಾತು ಕೇಳುವುದಿಲ್ಲ. ಕಾರ್ಡು ಕೈಗಿಟ್ಟೆ. ಓದಿ, ಮಗ್ಗ ಬಂದ್ ಮಾಡಿದ.

"ನಿಮ್ಮಪ್ಪ ಇಂಗ್ಲಿಷ್ ಯಾವಾಗ ಕಲ್ತನೋ?"

ನಾನು ಸುಮ್ಮನೆ ನೆಲ ನೋಡಿದೆ.

"ಬಿಲೇಟೆಡ್ ಅಂದ್ರೇನು?"

"ತಡಾ ಆತು ಅಂತ, ಕಾಕಾ."

ಕಾಕಾ ಬನ್ನಿಯನ್ನು ಕಣ್ಣಿಗೊತ್ತಿಕೊಂಡು ಕಿಸೆಯಲ್ಲಿಟ್ಟ. ಒಳಗೆ ಹೋಗಿ ತನ್ನ ಜಗಲಿಯಿಂದ ಎರಡು ಎಲೆ ತಂದ. "ಒಂದು ನಿನಗ. ಇನ್ನೊಂದು, ಈ ಕಾರ್ಡಿನ್ಯಾಗ ಹೆಸರು ಇದ್ದವಗ" ಅಂದ. ಕಾಕು ಚಹಾ ಕುಡಿಸಿ, ಬಸ್ಸಿನ ತನಕ ಬಂದು ಕಳಿಸಿದಳು.

ಮನೆಗೆ ಬಂದು ಎಲ್ಲ ಖರೇ ಹೇಳಿದೆ. ಹೊಡೆತ ಬೀಳುತ್ತದೆಂದೇ ಬಾಗಿಲ ಹತ್ತಿರ ನಿಂತು ಹೇಳಿದೆ. ಅಪ್ಪ ಏನೂ ಅನ್ನಲಿಲ್ಲ, ಊಟಾನೂ ಪೂರ್ತಿ ಮಾಡಲಿಲ್ಲ. ನಾನು ಎಲೆಯನ್ನು ಜಗಲಿ ಮೇಲೆ ಇಟ್ಟು ಮಲಗಿದೆ. ಮುಂಜಾನೆ ನೋಡಿದರೆ ಅದು ಅಲ್ಲಿರಲಿಲ್ಲ, ಅಪ್ಪನ ಅಂಗಿ ಕಿಸೆಯಲ್ಲಿತ್ತು.

"ಅದೇನೋ ಇಂಗ್ಲಿಷ್ ಶಬ್ದ, ಏನಂದಿ ನಿನ್ನೆ?" ಎಂದು ಕೇಳಿದ.

"ಬಿಲೇಟೆಡ್."

ಅಪ್ಪ ಎರಡು ಸಲ ಅಂದು ನೋಡಿದ. ಅವನ ಬಾಯಲ್ಲಿ ಅದು 'ಲೇಟೆಡ್' ಅಂತಲೇ ಆಯಿತು. ನಾನು ತಿದ್ದಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತ, "ಬನಹಟ್ಟಿ ಬಸ್ಸು ಎಷ್ಟಕ್ಕೈತಿ?" ಅಂದ.

— 9ನೇ ವರ್ಗದ ವಿದ್ಯಾರ್ಥಿ