ಕಟ್ಟು ಹಾಕುವವರ ಮರದ ಡಬ್ಬಿ

ಮೈಸೂರಿಗೆ ಶಾಲಾ ಪ್ರವಾಸ ಬಂದ ಮಕ್ಕಳು ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳ ಮುಂದೆ ಸಾಲುಗಟ್ಟಿ ನಿಲ್ಲುತ್ತಾರೆ. 1861ರಲ್ಲಿ ಕಟ್ಟಿದ ಈ ಅರಮನೆಯಲ್ಲಿ ಚಿತ್ರಶಾಲೆ ಆರಂಭವಾದದ್ದು 1915ರಲ್ಲಿ. ಚಿತ್ರವನ್ನು ಕಣ್ತುಂಬ ನೋಡಿದವರೂ ಚೌಕಟ್ಟಿನ ಮೂಲೆಯತ್ತ ಕಣ್ಣು ಹಾಯಿಸುವುದು ಅಪರೂಪ. ಆ ಮೂಲೆ ಕೂಡಿಸುವ ಕೆಲಸ ಕಾಣಬೇಕಾದರೆ ಅಲ್ಲಿಂದ ದೇವರಾಜ ಮಾರುಕಟ್ಟೆಯ ಕಡೆ ನಡೆದು, ಪೇಟೆಯಲ್ಲಿ ಫೋಟೋಗೆ ಕಟ್ಟು ಹಾಕುವ ಅಂಗಡಿಯೊಂದನ್ನು ಹುಡುಕಬೇಕು.

ಇಂಥ ಅಂಗಡಿಗೆ ದೇವರ ಪಟವೂ ಬರುತ್ತದೆ, ಮದುವೆಯ ಫೋಟೋವೂ ಬರುತ್ತದೆ. ತೀರಿಕೊಂಡ ಹಿರಿಯರ ಫೋಟೋ ಹಿಡಿದು ಬಂದವರಿಗಂತೂ ವೈಕುಂಠ ಸಮಾರಾಧನೆಯ ಹೊತ್ತಿಗೆ ಕಟ್ಟು ಸಿದ್ಧವಾಗಲೇಬೇಕು. ಅವಸರದಲ್ಲಿ ಪಟ್ಟಿಯನ್ನು ಗಿಡ್ಡ ಕೊಯ್ದರೆ ಮತ್ತೆ ಉದ್ದ ಮಾಡಲಾಗದು.

ಈಗ ಬಹಳಷ್ಟು ಕಡೆ ಕತ್ತರಿಸುವ ಯಂತ್ರ, ವಿದ್ಯುತ್ ಗರಗಸ ಬಂದಿವೆ. ಕೈಗರಗಸ ಉಳಿದಿರುವಲ್ಲಿ ಅದರ ಜತೆಗಾರ ‘ಮೈಟರ್ ಬಾಕ್ಸ್’. ಹೆಸರು ದೊಡ್ಡದು, ವಸ್ತು ಸರಳ: ತಳಕ್ಕೊಂದು ಹಲಗೆ, ಪಕ್ಕಗಳಿಗೆ ಎರಡು. ಮುಚ್ಚಳವಿಲ್ಲ, ತುದಿಗಳೂ ತೆರೆದಿವೆ. ಪಕ್ಕದ ಹಲಗೆಗಳಲ್ಲಿ ಗರಗಸ ತೂರುವಷ್ಟೇ ಸೀಳುಗಳು: ಎಡಕ್ಕೊಂದು, ಬಲಕ್ಕೊಂದು 45 ಡಿಗ್ರಿಗೆ, ನಡುವೆ ನೇರವಾಗಿ 90.

ಇದನ್ನು ಮಾಡಲು ಕೋನಮಾಪಕವೂ ಬೇಡ. ಡಬ್ಬಿಯ ಹೊರ ಅಗಲ 4 ಅಂಗುಲವಿದ್ದರೆ ಉದ್ದದಲ್ಲೂ 4 ಅಂಗುಲ ಗುರುತಿಸಿ, ಮೂಲೆಮಟ್ಟದಿಂದ ಚೌಕ ಎಳೆದರಾಯಿತು. ಅದರ ಕರ್ಣವೇ 45 ಡಿಗ್ರಿ. (ರೇಖಾಗಣಿತ ಯಾತಕ್ಕೆ ಎಂದು ಕೇಳುವ ಮಕ್ಕಳನ್ನು ಇಲ್ಲಿಗೆ ಕರೆತರುವುದು ಒಳ್ಳೆಯದು.)

ಕೋನ ತುಸು ತಪ್ಪಿದರೇನಂತೆ? ನಾಲ್ಕು ಮೂಲೆಗೆ ಎಂಟು ಕೊಯ್ತ. ಪ್ರತಿಯೊಂದೂ ಒಂದೇ ಕಡೆಗೆ ಅರ್ಧ ಡಿಗ್ರಿ ತಪ್ಪಿದರೆ, ಮೂರು ಮೂಲೆ ಬಿಗಿಯಾಗಿ ಕೂಡಿಸಿದ ಮೇಲೆ ಕೊನೆಯದು 4 ಡಿಗ್ರಿ ಬಾಯಿ ಬಿಡುತ್ತದೆ. 2 ಅಂಗುಲ ಅಗಲದ ಪಟ್ಟಿಯಲ್ಲಿ ಅದು ಸುಮಾರು 5 ಮಿಲಿಮೀಟರ್ ಬಿರುಕು. ಮೇಣ ತುಂಬಿ ಬಣ್ಣ ಬಳಿದರೂ ಅದು ಮುಚ್ಚುವಂಥದ್ದಲ್ಲ.

ಕೊಯ್ಯುವಾಗ ಪಟ್ಟಿಯನ್ನು ಆಚೆಬದಿಯ ಹಲಗೆಗೆ ಒತ್ತಿ ಹಿಡಿಯಬೇಕು. ಅಡಿಗೆ ಬೇಡದ ಹಲಗೆ ತುಂಡೊಂದನ್ನು ಇಟ್ಟರೆ ಡಬ್ಬಿಯ ತಳ ಕೊಯ್ದುಹೋಗದು. ಸಣ್ಣ ಹಲ್ಲಿನ, ಬೆನ್ನಿಗೆ ಲೋಹದ ಪಟ್ಟಿಯಿರುವ ಗರಗಸವೇ ಆಗಬೇಕು, ಅದು ಬಳುಕುವುದಿಲ್ಲ. ಮೊದಲು ಒಂದೆರಡು ಸಲ ಹಿಂದಕ್ಕೆಳೆದು ಗೀರು ಮಾಡಿಕೊಂಡು, ಬಳಿಕ ಭಾರ ಹಾಕದೆ ಆಡಿಸಬೇಕು. ಎದುರುಬದುರಿನ ಪಟ್ಟಿಗಳು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಬಾರದು. ಅದಕ್ಕೇ ಮೊದಲು ಕೊಯ್ದದ್ದನ್ನೇ ಅಳತೆಗಿಟ್ಟು ಅದರ ಜೋಡಿಯನ್ನು ಕೊಯ್ಯುವುದು.

ಗರಗಸ ಓಡಾಡಿ ಓಡಾಡಿ ಸೀಳುಗಳು ಅಗಲವಾಗುತ್ತವೆ. ಅಲಗು ಒಳಗೇ ಅಲುಗಾಡತೊಡಗಿದರೆ ಕೋನ ಕೆಟ್ಟಿತೆಂದೇ ಲೆಕ್ಕ. ಆಗ ಅದೇ ಡಬ್ಬಿಯಲ್ಲಿ ಬೇರೆ ಜಾಗ ನೋಡಿ, ಅದೇ ಗರಗಸದಿಂದ ಹೊಸ ಸೀಳು ಕೊಯ್ಯಬಹುದು. ಜಾಗ ಮುಗಿದ ಮೇಲೆ ಹೊಸ ಡಬ್ಬಿ. ಮೂರು ತುಂಡು ಹಲಗೆಯ ಖರ್ಚು.